ಬೆಳ್ಳಗಿನ ಕಿವಿರು

ಬಂಗಾರಪೇಟೆಯ ಸಂತೆಬೀದಿಯಲ್ಲಿ ಮೀನು ಮಾರುವ ಮುನಿಲಕ್ಷ್ಮಿಯ ಕಣ್ಣಿಗೆ ಮಣ್ಣೆರಚಿ ಕೆಟ್ಟ ಮೀನು ದಾಟಿಸಿದವರು ಇನ್ನೂ ಹುಟ್ಟಿಲ್ಲ. ಬೇತಮಂಗಲದ ಕೆರೆಯ ಕಾಟ್ಲಾ ಬರಲಿ, ಮದ್ರಾಸಿನ ಕಡಲ ಮೀನು ಬರಲಿ, ಅವಳು ಮೊದಲು ಕಿವಿರು ಎತ್ತಿ ನೋಡುತ್ತಾಳೆ. ಕೆಂಪಗಿದ್ದರೆ ಬುಟ್ಟಿಗೆ, ಬೆಳ್ಳಗಿದ್ದರೆ ನಾಯಿಗೆ. ಈ ಒಂದು ವಿದ್ಯೆಯಿಂದಲೇ ಸಂಸಾರ ತೂಗಿಸಿದಳು, ತಮ್ಮ ವೇಣುವನ್ನೂ ಓದಿಸಿದಳು.

ವೇಣು ಈಗ ಅಂಟಾರ್ಕ್ಟಿಕಾ ಕಡೆಗೆ ಹೋಗುವ ಸಂಶೋಧನೆಯ ಹಡಗಿನಲ್ಲಿ ಸಹಾಯಕ. ಅಲ್ಲಿಯ ಆಳದ ಮೀನೊಂದರ ಪುರಾಣವನ್ನು ಫೋನಿನಲ್ಲಿ ಬಿಚ್ಚಿದರೆ ಅಕ್ಕ ಮೀನು ಕೊಯ್ಯುತ್ತಲೇ "ಊಂ, ಊಂ" ಅನ್ನುವಳು. ಈ ಸಲ ರಜಕ್ಕೆ ಬರುವಾಗ ಹಡಗಿನ ದೊಡ್ಡವರನ್ನು ಕಾಡಿ ಬೇಡಿ ಆ ಮೀನನ್ನೇ ತಂದಿದ್ದ.

"ಅಕ್ಕಾ, ನಿನ್ ಐಸ್ ಪೆಟ್ಟಿಗೇಲಿ ಇಟ್ಟಿರು. ನಾಳೆ ನಾನ್ ಓದಿದ್ ಇಸ್ಕೂಲಲ್ಲಿ ಮಕ್ಕಳಿಗೆ ತೋರಿಸ್ಬೇಕು," ಎಂದು ಪೊಟ್ಟಣ ಕೊಟ್ಟು, ಗೆಳೆಯನನ್ನು ನೋಡಲು ಕ್ಯಾಸಂಬಳ್ಳಿಗೆ ಹೋದ.

ಅವನು ಅತ್ತ ಹೋದದ್ದೇ ತಡ, ಇತ್ತ ಇವಳು ಪೊಟ್ಟಣ ಬಿಚ್ಚಿದಳು. ಮೊಸಳೆಯ ಮೂತಿ, ಮೈಮೇಲೆ ಒಂದು ಹುರುಪೆಯಿಲ್ಲ. ಕಿವಿರು ಎತ್ತಿದರೆ ಸುಣ್ಣದಷ್ಟು ಬೆಳ್ಳಗೆ. ವಾಸನೆ ಮಾತ್ರ ಇರಲಿಲ್ಲ; ಐಸಿನಲ್ಲಿದ್ದದ್ದಕ್ಕೆ ವಾಸನೆ ಎಲ್ಲಿಂದ ಬರಬೇಕು ಎಂದುಕೊಂಡಳು.

"ಅಯ್ಯೋ ಪಾಪಿಗಳಾ, ಕೊಳ್ತೋಗಿರೋದ್ನ ಕಟ್ಟಿ ಕಳ್ಸವ್ರಲ್ಲಾ! ನಾಳೆ ನನ್ ತಮ್ಮನ ಮಾನ ಓಗ್ತಿತ್ತು!" ಎಂದವಳೇ ಅದನ್ನು ಬೀದಿನಾಯಿಗಳಿಗೆ ಎಸೆದು, ಅಂದಿನ ಒಳ್ಳೆಯ ಕಾಟ್ಲಾವನ್ನು ಅದೇ ಪೊಟ್ಟಣದಲ್ಲಿ ಸುತ್ತಿಟ್ಟಳು. ತಮ್ಮನಿಗೆ ಉಪಕಾರ ಮಾಡಿದೆನೆಂದು ಹಿಗ್ಗಿದಳು ಕೂಡ.

ಬೆಳಗ್ಗೆ ಪೊಟ್ಟಣ ಬಿಚ್ಚಿ ಕಾಟ್ಲಾ ಕಂಡ ವೇಣು, ತನ್ನ ಮೀನೆಲ್ಲಿ ಎಂದು ಅಕ್ಕನನ್ನು ಕೇಳಿದ. ಕಿವಿರು ಬೆಳ್ಳಗಿತ್ತು, ನಾಯಿಗಳಿಗೆ ಹಾಕಿದೆ ಎಂದಳು.

"ಅದ್ರ ರಕ್ತಾನೇ ನೀರಿನಂಗೆ ಕಣಕ್ಕಾ, ಕೆಂಪು ಇರಾದೇ ಇಲ್ಲ. ಅಷ್ಟು ತಣ್ಣಗಿರೋ ನೀರಲ್ಲಿ ಉಸಿರಿನ ಗಾಳಿ ಜಾಸ್ತಿ ಕರಗಿರ್ತದೆ, ಅದು ಅಂಗೇ ರಕ್ತಕ್ಕೆ ಸೇರ್ತದೆ. ಆ ರಕ್ತಾನ ಜಾಸ್ತಿ ಅರಿಸ್ಬೇಕು ಅಂತ್ಲೇ ಗುಂಡಿಗೆ ದೊಡ್ಡದು. ರಕ್ತ ಐಸಾಗ್ದಂಗೆ ತಡೆಯೋ ಸತ್ವ ಬೇರೆ ಐತೆ. ಫೋನಲ್ಲಿ ಏಳಿದ್ನಲ್ಲಕ್ಕಾ?"

ಹೇಳಿದ್ದ. ಇವಳು ಕೇಳಿದ್ದರೆ ತಾನೆ?

ಆದರೂ ಅವನು ಶಾಲೆಗೆ ಹೋದ. ಮುನಿಲಕ್ಷ್ಮಿಯೂ ಹಿಂದೆಯೇ ಹೋಗಿ ಕಿಟಕಿಯಾಚೆ ನಿಂತಳು. ಬೋರ್ಡಿನ ಮೇಲೆ ಅವನು ಸೀಮೆಸುಣ್ಣದಲ್ಲಿ ಮೀನು ಬರೆದ. "ನಿಜವಾದ್ದು ಎಲ್ಲಿ ಸಾರ್?" ಎಂದು ಹುಡುಗಿಯೊಬ್ಬಳು ಕೇಳಿದಳು.

"ದಾರೀಲಿ ಐಸ್ ಕರಗಿ ಕೆಟ್ಟೋಯ್ತಮ್ಮ. ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ," ಎಂದ ವೇಣು. ಮಕ್ಕಳು ಗೊಳ್ಳೆಂದು ನಕ್ಕರು. ಹೆಡ್‌ಮಾಸ್ತರರು ಮುಖ ಗಂಟಿಕ್ಕಿದರು. ಅವನು ತಲೆ ತಗ್ಗಿಸಿದ.

ಬಿಸಾಕಿದ್ದು ನಾನು ಎಂದು ಹೇಳಲು ಮುನಿಲಕ್ಷ್ಮಿ ಬಾಗಿಲವರೆಗೂ ಹೋದಳು. ಹೇಳಿದರೆ ನಾಳೆ ಊರಲ್ಲಿ ತನ್ನ ಮೀನನ್ನು ಯಾರು ನಂಬುತ್ತಾರೆ ಎಂಬ ಯೋಚನೆ ಬಂದು ಕಾಲು ನಿಂತಿತು. ತಮ್ಮ ತಲೆ ತಗ್ಗಿಸಿ ನಿಂತಿದ್ದಾಗ ತನಗೆ ವ್ಯಾಪಾರ ನೆನಪಾಯಿತಲ್ಲ ಎಂಬ ನಾಚಿಕೆ ಇವತ್ತಿಗೂ ಅವಳನ್ನು ಬಿಟ್ಟಿಲ್ಲ.