ಎಲ್ಲರಿಗೂ ತೆರೆದ ಫೋಲ್ಡರ್

ನಾಗನೂರಿನ ಹನಮಂತ ಮತ್ತು ಗುಡ್ಡವ್ವ ಬೇರೆಯವರ ಹೊಲದಲ್ಲಿ ದುಡಿದು ಓದಿಸಿದ ಮಗಳು ದೀಪಾ. ಡಿಪ್ಲೊಮಾ ಮುಗಿಸಿ ಗೋಕಾಕದ ಒಂದು ಖಾಸಗಿ ರಕ್ತ ಪರೀಕ್ಷಾ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಕೇಂದ್ರಕ್ಕೆ ಮೂಡಲಗಿ, ಹುಕ್ಕೇರಿಗಳಲ್ಲೂ ಶಾಖೆಗಳಿದ್ದವು. ಮೂರೂ ಊರಿನ ವರದಿಗಳು ಗೋಕಾಕದ ಒಂದೇ ಸರ್ವರ್ ಕಂಪ್ಯೂಟರಿಗೆ ಬಂದು ಸೇರುತ್ತಿದ್ದವು. ಒಂದು ಶಾಖೆಯವರು ಇನ್ನೊಂದು ಶಾಖೆಯ ವರದಿ ನೋಡುವಂತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಸರ್ವರಿನ ಡಿಸ್ಕ್ ತುಂಬಿ ಹುಕ್ಕೇರಿಯ ವರದಿಗಳು ದಿನಪೂರ್ತಿ ನಿಂತುಹೋದವು. ಆಪರೇಶನ್ನಿಗೆ ಹೊರಟಿದ್ದ ರೋಗಿಗಳು ಸಂಜೆಯವರೆಗೆ ಬಾಗಿಲಲ್ಲಿ ಕೂತು ಹಿಂತಿರುಗಿದರು. ವ್ಯವಸ್ಥಾಪಕ ಗುರುಲಿಂಗಪ್ಪನವರು ಸರ್ವರಿನ ಮೇಲೆ ಕಣ್ಣಿಡುವ ತಂತ್ರಾಂಶವೊಂದನ್ನು ಹಾಕಲು ದೀಪಾಗೆ ಹೇಳಿದರು. ಡಿಸ್ಕ್ ತುಂಬುತ್ತಾ ಬಂದರೆ, ಏನಾದರೂ ತಪ್ಪುತ್ತಿದ್ದರೆ ಅದು ಮೊದಲೇ ಮೊಬೈಲಿಗೆ ಸುದ್ದಿ ಕಳಿಸುತ್ತದೆ.

ತಂತ್ರಾಂಶ ಸುಲಭವಾಗಿಯೇ ಕೂತಿತು. ಆದರೆ ಸರ್ವರ್ ತನ್ನ ಕೆಲಸದ ವಿವರ ಬರೆದಿಡುವ ಲಾಗ್ ಫೈಲನ್ನು ಅದು ಓದಬೇಕಿತ್ತು. ಅಲ್ಲಿಗೆ ಹೋದಾಗಲೆಲ್ಲ ‘ಅನುಮತಿ ಇಲ್ಲ’ ಎಂದು ತೆರೆಯ ಮೇಲೆ ಕೆಂಪು ಸಾಲು ಬರುತ್ತಿತ್ತು. ದೀಪಾ ಫೈಲಿಗೆ ಓದುವ ಅನುಮತಿ ಕೊಟ್ಟಳು, ಸರ್ವರನ್ನು ಮತ್ತೆ ಶುರು ಮಾಡಿದಳು, ತಂತ್ರಾಂಶವನ್ನೇ ತೆಗೆದು ಹೊಸದಾಗಿ ಹಾಕಿದಳು. ಕೆಂಪು ಸಾಲು ಹೋಗಲಿಲ್ಲ.

ಗುರುಲಿಂಗಪ್ಪನವರು ಹಿಂದೆ ಬಂದು ನಿಂತರು. ಮರುದಿನ ಕೇಂದ್ರದ ಮಾಲೀಕರು ನೋಡಲು ಬರುವವರಿದ್ದರು.

“ಒಂದೊಂದ ಯಾಕ ನೋಡಾಕತ್ತೀರಿ? ಎಲ್ಲಾ ತೆರದ ಬಿಡ್ರಿ. ಆಮ್ಯಾಲ ನೋಡೂಣು.”

ಅದು ಸರಿಯಲ್ಲವೆಂದು ದೀಪಾಗೆ ಗೊತ್ತಿತ್ತು. ಗೊತ್ತಿದ್ದೂ ಲಾಗುಗಳೂ ವರದಿಗಳೂ ಇದ್ದ ಮುಖ್ಯ ಫೋಲ್ಡರನ್ನು, ಅದರೊಳಗಿನ ಎಲ್ಲವನ್ನೂ ಎಲ್ಲರಿಗೂ ತೆರೆಯುವ ಆದೇಶ ಬರೆದಳು. ಕೆಂಪು ಸಾಲು ಹೋಗಿ ಹಸಿರು ಬಂತು. ಮರುದಿನ ಮಾಲೀಕರು ಮೆಚ್ಚಿಕೊಂಡರು. ಆಮೇಲೆ ನೋಡುವುದು ಮಾತ್ರ ಕೆಲಸಗಳ ನಡುವೆ ಹಿಂದೆ ಬಿತ್ತು.

ಮಳೆಗಾಲ ಕಳೆದ ಮೇಲೆ ಮಮದಾಪುರದ ಕೆಂಚವ್ವ ಗೋಕಾಕದ ಕೇಂದ್ರಕ್ಕೆ ಬಂದಳು. ಗಂಡ ತೀರಿದ ಮೇಲೆ ಜೋಳದ ರೊಟ್ಟಿ ಬಡಿದು ಮನೆಗಳಿಗೆ ಕೊಟ್ಟು ಮಗಳು ಶಿವಾನಿಯನ್ನು ಓದಿಸುತ್ತಿದ್ದ ಹೆಂಗಸು. ಎಚ್‌ಐವಿಗೆ ಔಷಧ ತೆಗೆದುಕೊಳ್ಳುತ್ತಿದ್ದಳು, ರಕ್ತ ಪರೀಕ್ಷೆಗೆ ಇಲ್ಲಿಗೆ ಬರುತ್ತಿದ್ದಳು. ಅವತ್ತು ತನ್ನ ಹಳೆಯ ವರದಿಗಳ ಪ್ರತಿ ಕೇಳಿದಳು. ಇನ್ನು ಮುಂದೆ ಬೇರೆ ಕಡೆ ತೋರಿಸುವುದಾಗಿ ಹೇಳಿದಳು. ದೀಪಾ ಕಾರಣ ಕೇಳಿದಳು.

“ಊರಿಗೆಲ್ಲ ಗೊತ್ತಾಗೈತ್ರಿ. ನನ್ನ ಕೈಯಾಗಿನ ರೊಟ್ಟಿ ಯಾರೂ ತಗೊಳ್ಳೂದಿಲ್ಲ. ನನ್ನ ಮಗಳೊಬ್ಬಾಕಿಗೇ ಗೊತ್ತಿತ್ತು, ಆಕಿನೇ ಬಾಯಿ ಬಿಟ್ಟಾಳ. ನಾ ಹೇಳಿಲ್ಲ ಅಂತಾಳ. ಇಲ್ಲಾಂದ್ರ ಹ್ಯಾಂಗ ಗೊತ್ತಾಗತೈತ್ರಿ?”

ಶಿವಾನಿ ಜಗಳಾಡಿ ಹುಕ್ಕೇರಿಯ ಚಿಕ್ಕಮ್ಮನ ಮನೆ ಸೇರಿದ್ದಳಂತೆ. ತಾಯಿ ಮಗಳ ನಡುವೆ ಮಾತು ನಿಂತಿತ್ತು.

ಕೆಂಚವ್ವ ಹೋದ ಮೇಲೆ ದೀಪಾಗೆ ತಾನು ಬೇಸಿಗೆಯಲ್ಲಿ ತೆರೆದುಬಿಟ್ಟ ಫೋಲ್ಡರು ನೆನಪಾಯಿತು. ಅವಳು ಮೂಡಲಗಿ ಶಾಖೆಯ ಖಾತೆಯಿಂದ ಸರ್ವರಿನ ಒಳಹೊಕ್ಕಳು. ಗೋಕಾಕದ ವರದಿಗಳು ಒಂದೂ ಬಿಡದೆ ತೆರೆದುಕೊಂಡವು. ಮೂಡಲಗಿಯಲ್ಲಿ ಬಿಲ್ ಬರೆಯುವ ವಿಶಾಲ ಮಮದಾಪುರದವನೇ. ದೀಪಾ ಬಸ್ಸು ಹಿಡಿದು ಅಲ್ಲಿಗೇ ಹೋಗಿ ಕೇಳಿದಳು. ಅವನು ಒಪ್ಪಿಕೊಂಡ. ಗುರುತಿನ ಹೆಸರು ಕಂಡು ತೆರೆದು ನೋಡಿದ್ದ, ಮನೆಯಲ್ಲಿ ಹೆಂಡತಿಗಷ್ಟೇ ಹೇಳಿದ್ದ.

ಗುರುಲಿಂಗಪ್ಪನವರಿಗೆ ಎಲ್ಲವನ್ನೂ ತಿಳಿಸಿದಾಗ ಅವರು ಕೋಣೆಯ ಬಾಗಿಲು ಮುಚ್ಚಿ ಬಂದು ಕೂತರು. ತೆರೆಯಲು ಹೇಳಿದವನು ತಾನೇ ಎಂದರು. ಮೊದಲು ಅದನ್ನು ಮುಚ್ಚಿರಿ, ಹೊರಗೆ ಹೇಳುವುದು ಬೇಡ ಎಂದೂ ಅಂದರು.

ದೀಪಾ ಮುಚ್ಚಲು ಕೂತಳು. ಈ ಸಲ ಅವಸರ ಮಾಡಲಿಲ್ಲ. ಎಲ್ಲಕ್ಕಿಂತ ಮೇಲಿನ ಫೋಲ್ಡರಿನಿಂದ ಲಾಗ್ ಫೈಲಿನವರೆಗೆ ದಾರಿಯಲ್ಲಿದ್ದ ಫೋಲ್ಡರುಗಳ ಅನುಮತಿಯನ್ನು, ಎಲ್ಲ ತೆರೆಯುವ ಮೊದಲು ತೆಗೆದಿಟ್ಟಿದ್ದ ಹಳೆಯ ಬ್ಯಾಕಪ್ ಪ್ರತಿಯೊಂದಿಗೆ ಹೋಲಿಸಿ ನೋಡಿದಳು. ಅಂದಿನ ತೊಡಕು ಆಗ ತಿಳಿಯಿತು. ಫೈಲಿನಲ್ಲಿ ದೋಷವೇ ಇರಲಿಲ್ಲ. ಅದರ ಮೇಲಿನ ಒಂದು ಫೋಲ್ಡರು ಹೊಸ ತಂತ್ರಾಂಶಕ್ಕೆ ದಾಟಲು ಬಿಡುತ್ತಿರಲಿಲ್ಲ, ಅಷ್ಟೇ. ಅವಳು ತಂತ್ರಾಂಶದ ಖಾತೆಯನ್ನು ಒಂದು ಗುಂಪಿಗೆ ಸೇರಿಸಿ, ಆ ಗುಂಪಿಗೆ ಫೋಲ್ಡರು ದಾಟುವ ಮತ್ತು ಲಾಗ್ ಓದುವ ಅನುಮತಿಯನ್ನಷ್ಟೇ ಕೊಟ್ಟಳು. ದಿನವೂ ಹೊಸದಾಗಿ ಹುಟ್ಟುವ ಲಾಗ್ ಫೈಲಿಗೂ ಅದೇ ಅನುಮತಿ ಬರುವಂತೆ ಮಾಡಿದಳು. ವರದಿಗಳನ್ನು ಆಯಾ ಶಾಖೆಗೆ ಮಾತ್ರ ಬಿಟ್ಟಳು. ಮತ್ತೆ ಮೂಡಲಗಿಯ ಖಾತೆಯಿಂದ ಗೋಕಾಕದ ವರದಿ ತೆರೆಯಲು ಹೋದಾಗ ‘ಅನುಮತಿ ಇಲ್ಲ’ ಎಂದು ಬಂತು. ಆ ಸಾಲನ್ನು ನೋಡುತ್ತ ಅವಳಿಗೆ ಅಳು ಬಂತು.

ಹೊರಗೆ ಹೇಳಬೇಡಿ ಎಂಬ ಮಾತನ್ನು ಅವಳು ಪಾಲಿಸಲಿಲ್ಲ. ರವಿವಾರ ಮಮದಾಪುರಕ್ಕೆ ಹೋಗಿ ಕೆಂಚವ್ವನ ಕಟ್ಟೆಯ ಮೇಲೆ ಕೂತು, ಫೋಲ್ಡರು ತೆರೆದವಳು ತಾನೇ ಎಂದಳು. ವಿಶಾಲನ ವಿಷಯವನ್ನೂ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಕೆಂಚವ್ವ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

“ಹಂಗಾರ ನನ್ನ ಮಗಳು ಹೇಳಿಲ್ಲ.”

“ಇಲ್ರಿ ಅವ್ವಾರ.”

“ಈ ಮಾತ ಆಕಿ ಮುಂದ ಬಂದು ಹೇಳ್ತಿಯೇನ ತಂಗಿ?”

ಇಬ್ಬರೂ ಅವತ್ತೇ ಹುಕ್ಕೇರಿಗೆ ಹೋದರು. ಶಿವಾನಿ ಬಾಗಿಲಲ್ಲೇ ನಿಂತು ದೀಪಾ ಹೇಳಿದ್ದನ್ನೆಲ್ಲ ಕೇಳಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

“ನಾ ಹೇಳಿದ್ರ ನಂಬಲಿಲ್ಲ. ಇವರು ಹೇಳಿದ್ರ ನಂಬಿದಿ.”

ಚಿಕ್ಕಮ್ಮ ಎಲ್ಲರನ್ನೂ ಒಳಗೆ ಕರೆದಳು. ದೀಪಾ ಒಳಗೆ ಹೋಗದೆ ಬಸ್ ನಿಲ್ದಾಣದ ಕಡೆ ನಡೆದಳು.

ನಡೆದದ್ದನ್ನು ದೀಪಾ ಮಾಲೀಕರಿಗೂ ತಿಳಿಸಿದಳು. ವಿಶಾಲನ ಕೆಲಸ ಹೋಯಿತು. ದೀಪಾಳ ಬಡ್ತಿ ನಿಂತಿತು, ಕೆಲಸ ಉಳಿಯಿತು. ಗುರುಲಿಂಗಪ್ಪನವರು ಅವಳ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತಾಡುತ್ತಾರೆ. ಆದರೆ ಇದನ್ನು ತೆರೆಯಿರಿ, ಅದನ್ನು ತೆರೆಯಿರಿ ಎಂದು ಮತ್ತೆ ಹೇಳಿಲ್ಲ.

ಮಮದಾಪುರದವರು ಕೆಂಚವ್ವನ ರೊಟ್ಟಿಯನ್ನು ಮತ್ತೆ ಕೊಳ್ಳಲಿಲ್ಲ. ಅವಳು ಮನೆಗೆ ಬೀಗ ಹಾಕಿ ಹುಕ್ಕೇರಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಶಿವಾನಿ ಅವಳ ಜೊತೆಗಿದ್ದಾಳೆ. ಮೊದಲಿನ ಸಲಿಗೆ ಇನ್ನೂ ಬಂದಿಲ್ಲ. ಆದರೂ ಸಂತೆಯ ದಿನ ಇಬ್ಬರೂ ಕೂಡಿ ರೊಟ್ಟಿಯ ಬುಟ್ಟಿ ಹೊತ್ತು ಹೋಗುವುದನ್ನು ಶಾಖೆಯ ಕೆಲಸಕ್ಕೆಂದು ಬಂದ ದೀಪಾ ಒಮ್ಮೆ ದೂರದಿಂದ ನೋಡಿದಳು. ಕರೆಯಲಿಲ್ಲ.