ಕಾಕಾನ ರೊಟ್ಟಿ ಶಿಷ್ಯರು

ಕಳೆದ ಭಾನುವಾರ ಬೆಳಿಗ್ಗೆ ಟಿಳಕವಾಡಿಯ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬೇಯುವ ವಾಸನೆ ಎದ್ದಿತು. ಇದರಲ್ಲೇನು ವಿಶೇಷ, ಬೆಳಗಾವಿಯಲ್ಲಿ ರೊಟ್ಟಿ ಬೇಯದ ಮನೆ ಇದೆಯೇ ಎಂದು ನೀವು ಕೇಳಬಹುದು. ಇದೆ, ನಮ್ಮದೇ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಓಣಿಯ ತುದಿಯಲ್ಲಿ ರೊಟ್ಟಿ ಮಾರುವ ಹೆಂಗಸಿಗೆ ನಾನು ಮಳೆಗಾಲ ಬೇಸಿಗೆ ಎನ್ನದ ಕಾಯಂ ಗಿರಾಕಿ.

ಅವತ್ತು ಒಲೆಯ ಮುಂದೆ ಕುಳಿತಿದ್ದವಳು ಸೆಲ್ವಿ. ಮದುರೆಯ ಕಡೆಯವಳು, ಇಂಗ್ಲೆಂಡಿನಲ್ಲಿ ನಮ್ಮ ಕಾಕಾನ ಮನೆಯಲ್ಲಿದ್ದುಕೊಂಡು ಓದಿ ಡಾಕ್ಟರಾದವಳು. ಕಾಕಾ ಹುಟ್ಟಿದ ಊರು ನೋಡಬೇಕೆಂದು ಹಿಂದಿನ ದಿನ ಸಾಂಬ್ರಾದಲ್ಲಿ ವಿಮಾನ ಇಳಿದು, ಸಂಜೆಯೊಳಗೆ ನಮ್ಮೂರು ಖಾನಾಪುರಕ್ಕೂ ಹೋಗಿ ಬಂದಿದ್ದಳು. ಬೆಳಿಗ್ಗೆ ಎದ್ದವಳೇ, "ನೀವು ಹೊರಗ ಕುಂದರ್ರಿ ಅಕ್ಕಾರ, ಇವತ್ತ ರೊಟ್ಟಿ ನಂದು," ಎಂದು ನನ್ನನ್ನು ನನ್ನದೇ ಅಡುಗೆಮನೆಯಿಂದ ಹೊರಗಟ್ಟಿದಳು. ಅವಳಿಗೆ ಕನ್ನಡ ಕಲಿಸಿದವನು ಕಾಕಾ. ಹಾಗಾಗಿ ಮಾತಿಗೊಮ್ಮೆ ಅವನ 'ಖರೇನ', ಅವನ 'ಏನ್ ಬಿಡ್ರಿ'. ಮದುರೆಯ ಹುಡುಗಿಯ ಬಾಯಲ್ಲಿ ನಮ್ಮ ಮನೆಯ ಮಾತು ಕೇಳಿ ಸಂತೋಷಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಚಿಕ್ಕ ವಯಸ್ಸಿನಲ್ಲೇ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದವನು ಅಲ್ಲೇ ನಿಂತ. ಮದುವೆಯಾಗಲಿಲ್ಲ. ಅವನಿದ್ದ ಊರಿನಲ್ಲಿ ದೊಡ್ಡ ವಿಶ್ವವಿದ್ಯಾಲಯವಿತ್ತು. ನಮ್ಮ ದೇಶದಿಂದ ಅಲ್ಲಿಗೆ ಓದಲು ಬಂದ ಹುಡುಗರಿಗೆಲ್ಲ ಅವನ ಮನೆಯೇ ತವರುಮನೆ. ರೂಮು ಸಿಗದವರು ಅವನ ಮಹಡಿಯ ಮೇಲೆ, ಊರ ನೆನಪಾಗಿ ಊಟ ಬಿಟ್ಟವರು ಅವನ ಅಡುಗೆಮನೆಯಲ್ಲಿ. ಪರೀಕ್ಷೆಯ ದಿನ ಥರ್ಮಾಸಿನಲ್ಲಿ ಚಹಾ ಹಿಡಿದು ಹೊರಗೆ ಕಾಯುತ್ತಿದ್ದನಂತೆ. ಪ್ರೇಮದಲ್ಲಿ ಸೋತು ಬಂದವರಿಗೆ ಬುದ್ಧಿ ಹೇಳುವುದೂ ಅವನೇ. ಹೆಣ್ಣು ನೋಡಲು ಹೋಗುವುದಕ್ಕೂ ಹೆದರುತ್ತಿದ್ದ ಮನುಷ್ಯ!

ಇದೆಲ್ಲ ನನಗೆ ತಿಳಿಯುತ್ತಿದ್ದದ್ದು ಅವನ ಫೋನಿನಿಂದ. ನಾನು ಮಗಳ ಜ್ವರದ ಸುದ್ದಿ, ಮಾಳಿಗೆ ಸೋರುವ ಸುದ್ದಿ ಹೇಳುತ್ತಿದ್ದರೆ "ಹೌದೇನು, ಹೌದೇನು" ಎನ್ನುವನು. ಅಷ್ಟರಲ್ಲಿ ತಡೆಯಲಾಗದೆ, "ನಮ್ಮ ಹುಡುಗಿ ಪಾಸಾತು ನೋಡಬೇ, ಏನ್ ಶಾಣ್ಯಾ ಐತಿ ಅಂತಿ!" ಎಂದುಬಿಡುವನು. ನಮ್ಮ ಹುಡುಗಿಯಂತೆ. ಹಾಗಾದರೆ ನಾನು ಯಾರ ಹುಡುಗಿ? ಬಿ.ಎ. ಮುಗಿಸಿದಾಗ ನನಗೆ "ಭಾಳ ಛಲೋ ಆತು" ಎಂದಿದ್ದನೇ ಹೊರತು ಮುಂದೇನು ಓದುತ್ತೀ ಎಂದು ಕೇಳಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಾನು ಫೋನಿಟ್ಟ ಮೇಲೆ ಗೊಣಗಿದ್ದಕ್ಕೆ ಲೆಕ್ಕವಿಲ್ಲ. ಅವನು ಮಾರಿಯಾಗಿರಲಿಲ್ಲ, ಪಾಪ. ಹೊಟ್ಟೆಕಿಚ್ಚಿಗೆ ಗಾದೆಯ ಅರ್ಥ ನೋಡುವಷ್ಟು ವ್ಯವಧಾನ ಎಲ್ಲಿದೆ ಹೇಳಿ!

ಹೋದ ಚಳಿಗಾಲದಲ್ಲಿ ಅವನು ಅಲ್ಲಿಯೇ ತೀರಿಕೊಂಡ. ನಮ್ಮಲ್ಲಿ ಹೂಳುವ ಪದ್ಧತಿ; ಬಂಧುಗಳು ಒಬ್ಬೊಬ್ಬರೂ ಕೊನೆಯದಾಗಿ ಹಿಡಿ ಮಣ್ಣು ಹಾಕಬೇಕು. ಕಪ್ಪು ಕೋಟು ಹಾಕಿದ ಹುಡುಗ ಹುಡುಗಿಯರು ಸಾಲಾಗಿ ಬಂದು, ಅಳುತ್ತ ಮಣ್ಣು ಹಾಕುವುದನ್ನು ನಾನು ಬೆಳಗಾವಿಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದೆ. ಅವನ ಹೆಗಲ ಮೇಲೆ ಕೂತು ಮಲಪ್ರಭೆಯ ನೀರು ನೋಡಿದವಳು ನಾನು. ಹಿಡಿ ಮಣ್ಣು ಅವರದು. ದುಃಖಕ್ಕಿಂತ ಮೊದಲು ನನ್ನೊಳಗೆ ಎದ್ದದ್ದು ಅಸೂಯೆಯೇ. ನಿಮ್ಮ ಮುಂದೆ ಮುಚ್ಚಿಟ್ಟು ಏನು ಸಿಗಬೇಕಾಗಿದೆ?

ಇನ್ನು ಆ ರೊಟ್ಟಿ. ನಿಜ ಹೇಳಬೇಕೆಂದರೆ ಅದು ಕಾಕಾನದೂ ಅಲ್ಲ, ನನ್ನ ಅವ್ವನದು. ನಮ್ಮ ಖಾನಾಪುರದ್ದು ಅಕ್ಕಿ ಬೆಳೆಯುವ ಸೀಮೆ. ಅವ್ವ ಬೈಲಹೊಂಗಲದ ಕಡೆಯಿಂದ ಬಂದ ಸೊಸೆ. ಜೋಳದ ರೊಟ್ಟಿಯನ್ನು ಜೊತೆಗೇ ತಂದವಳು. ಕಾಕಾನಿಗೆ ಅವಳು ವೈನಿ, ಅಂದರೆ ಅತ್ತಿಗೆ. ಪರದೇಶದಲ್ಲಿ ಮೈದುನ ಉಪವಾಸ ಬಿದ್ದಾನೆಂದು, ಹೊರಡುವ ಮೊದಲು ಅವನನ್ನು ಒಲೆಯ ಮುಂದೆ ಕೂರಿಸಿ ಕಲಿಸಿದಳು. ನಾನು ಹಿಟ್ಟಿಗೆ ಕೈ ಹಾಕಿದರೆ ಮಾತ್ರ, "ನೀ ಹೋಗು, ಪುಸ್ತಕ ಹಿಡದು ಅಭ್ಯಾಸ ಮಾಡು. ರೊಟ್ಟಿ ಎಲ್ಲಿ ಓಡಿಹೋಗತಾವ?" ಎಂದು ಎಬ್ಬಿಸುತ್ತಿದ್ದಳು. ಓಡಿಹೋದವು. ನನಗೆ ಪುರುಸೊತ್ತಾಗುವ ಹೊತ್ತಿಗೆ ಅವ್ವ ಇರಲಿಲ್ಲ. ಊರಿಗೆ ಬಂದಾಗ ಕಾಕಾ ಅತಿಥಿ, ಹಿಟ್ಟು ಮುಟ್ಟುತ್ತಿರಲಿಲ್ಲ. ಹೀಗೆ ಅವ್ವನ ಕೈಗುಣ ನನ್ನನ್ನು ದಾಟಿ, ಸಮುದ್ರ ದಾಟಿ, ಈ ಸೆಲ್ವಿಗೆ ಸೇರಿತ್ತು.

ಪಡಸಾಲೆಯಲ್ಲಿ ಕುಳಿತು ಇದನ್ನೇ ನೆನೆದು ಕುದಿಯುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ರೊಟ್ಟಿ ಹಂಚಿಗೆ ಬಿದ್ದಿರಬೇಕು. ಆಮೇಲೆ ಖಾಲಿ ಹಲಗೆಯ ಮೇಲೆ ಅಂಗೈಯ ಎರಡು ಪೆಟ್ಟು. ಟಪ್, ಟಪ್.

ನಾನು ಎದ್ದು ನಿಂತಿದ್ದೆ. ಯಾಕೆ ಎದ್ದೆನೆಂದು ನನಗೆ ಹೊಳೆಯುವ ಮೊದಲೇ ಕಾಲು ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿತ್ತು.

"ಅದೇನವಾ ಅದು, ಖಾಲಿ ಹಲಗಿ ಬಡದಿ?"

"ಅದಾ? ಹಂಗ ಬಡೀಲಿಲ್ಲಂದ್ರ ರೊಟ್ಟಿ ಉಬ್ಬೂದಿಲ್ರಿ," ಎಂದಳು, ಕಾಯಿಲೆಗೆ ಔಷಧ ಹೇಳುವ ಗಂಭೀರ ಮುಖದಲ್ಲಿ. "ಮರತ್ರ ಕಾಕಾ ಬೈತಿದ್ರು. ನಮ್ಮ ವೈನಿ ಬಡೀತಿದ್ರು, ನೀವೂ ಬಡೀರಿ ಅಂತ. ನಾವೆಲ್ಲಾರೂ ಹಂಗ ಮಾಡ್ತೀವ್ರಿ. ಯಾರು ಯಾವ ದೇಶದಾಗ ಇದ್ರೂ."

ನನಗೆ ನಗು ಬಂತು. ಅಯ್ಯೋ ಕಾಕಾ, ಅದು ರೊಟ್ಟಿಗಲ್ಲವೋ! ನಮ್ಮ ಅಜ್ಜ ಪಡಸಾಲೆಯಲ್ಲಿ ಕುಳಿತಿರುತ್ತಿದ್ದ. ಮಾವನ ಮುಂದೆ ಸೊಸೆ ದನಿ ಎತ್ತುವ ಹಾಗಿಲ್ಲ, ಮಕ್ಕಳ ಹೆಸರು ಹಿಡಿದು ಕೂಗುವ ಹಾಗಿಲ್ಲ. ಅದಕ್ಕೇ ರೊಟ್ಟಿ ಹಂಚಿಗೆ ಹಾಕಿ ಅವ್ವ ಹಲಗೆಗೆ ಎರಡು ಪೆಟ್ಟು ಹಾಕುತ್ತಿದ್ದಳು. ಬಿಸಿ ಇದೆ, ತಾಟು ತಗೊಂಡು ಬಾ ಎಂದು ಅದರ ಅರ್ಥ. ಅಜ್ಜನ ಬದಿಗೆ ಬರೆಯುವ ಪಾಟಿ ಹಿಡಿದು ಕುಳಿತ ನಾನು ಓಡುತ್ತಿದ್ದೆ. ಅವಸರದಲ್ಲಿ ಕಲಿತ ಕಾಕಾ ಅದನ್ನೂ ಅಡುಗೆಯೆಂದೇ ತಿಳಿದು ಕೈಯಲ್ಲಿ ಹೊತ್ತೊಯ್ದಿದ್ದ.

ಎಂಥ ಅವಕಾಶ! ನಿಮ್ಮ ಕಾಕಾ ಕಲಿಸಿದ್ದು ತಪ್ಪು, ಅದು ನನ್ನ ಆಸ್ತಿ ಎಂದು ಸಾಬೀತು ಮಾಡಬಹುದಿತ್ತು. ಅದೇ ಆಸೆಯಿಂದಲೇ ಬಾಯಿ ತೆರೆದೆ. ಅರ್ಧಕ್ಕೆ ಬರುವಷ್ಟರಲ್ಲಿ ಆ ಆಸ್ತಿಯ ಮಾತು ಬಿಟ್ಟುಹೋಯಿತು. "ಅದು ರೊಟ್ಟಿಗಲ್ಲವಾ. ನಮ್ಮವ್ವ ನನ್ನ ಕರಿಯೂದು, ಉಣ್ಣಾಕ ಬಾ ಅಂತ," ಎಂದಷ್ಟೇ ಹೇಳಿದೆ.

ಸೆಲ್ವಿಯ ಕೈ ಹಿಟ್ಟಿನಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕರಕಾಗುತ್ತಿತ್ತು, ಇಬ್ಬರೂ ತಿರುವಲಿಲ್ಲ.

"ಹಂಗಾರ ಅಕ್ಕಾರ," ಎಂದಳು ಮೆಲ್ಲಗೆ, "ಇಷ್ಟು ವರ್ಷ ನಾವೆಲ್ಲಾರೂ ಅಲ್ಲಿ ಕುಂತು ನಿಮ್ಮನ್ನ ಕರದೀವೇನ್ರಿ?"

ಗೋಡೆಯ ಮೇಲಿನ ತಾಟು ತೆಗೆದುಕೊಂಡು ಅವಳ ಬದಿಗೆ ಕುಕ್ಕರಿಸಿದೆ.

"ಹೂಂ ತಂಗಿ, ಕರದೀರಿ. ನನಗ ಕೇಳಿಸಿರಲಿಲ್ಲ."