ಐದು ಕುರ್ಚಿಗಳ ಪಾಠ

ಮುತ್ತಿಗೆ ಬಿದ್ದ ಊರೊಂದಕ್ಕೆ ನೀರು, ಔಷಧಿ ಬಿಡಬೇಕೆಂದು ಮೊನ್ನೆ ಟಿವಿಯಲ್ಲಿ, ಜಗತ್ತಿನ ದೊಡ್ಡ ಸಭೆಯಲ್ಲಿ, ದೇಶದೇಶದವರು ಕೈ ಎತ್ತಿದ್ದರು. ಕಾಯಂ ಕುರ್ಚಿಯ ಐವರಲ್ಲಿ ಒಬ್ಬ ಬೇಡವೆಂದ, ಮಾತು ಅಲ್ಲಿಗೇ ಬಿದ್ದುಹೋಯಿತು. ನನಗೆ ನಮ್ಮ ಇತಿಹಾಸದ ಮಾಸ್ತರು ನೆನಪಾದರು.

ಹುಮನಾಬಾದಿನಿಂದ ದಿನವೂ ಬಸ್ಸಿನಲ್ಲಿ ಬಸವಕಲ್ಯಾಣದ ನಮ್ಮ ಶಾಲೆಗೆ ಬರುತ್ತಿದ್ದರು. "ಲಡಾಯಿ ಮುಗದ ಮ್ಯಾಲ ಕುರ್ಚಿ ಯಾರು ಹಿಡದ್ರು, ಅದನ್ನ ನೋಡ್ರಿ" ಎನ್ನುವುದು ಅವರ ಮಾತು. ಹಾಗೆನ್ನುತ್ತ ಅಂಗಿಯ ಮೇಲಿನ ಚಾಕ್‌ಪೀಸಿನ ಪುಡಿ ಒರೆಸಿಕೊಳ್ಳುವರು, ಅದು ಇನ್ನಷ್ಟು ಹರಡುವುದು.

ಬೇಸಿಗೆಯಲ್ಲೊಂದು ದಿನ ಐದು ಕುರ್ಚಿ ಹಾಕಿಸಿ, ನನ್ನನ್ನೂ ಸೇರಿಸಿ ಐವರನ್ನು ಕೂರಿಸಿದರು. ಉಳಿದವರೆಲ್ಲ ನೆಲದ ಮೇಲೆ.

"ನೀವು ಮಹಾಯುದ್ಧ ಗೆದ್ದವರು. ಇನ್ನ ಜಗತ್ತಿನ ಪಂಚಾಯ್ತಿ ನಿಮ್ದು. ನಿಮ್ಮಾಗ ಒಬ್ಬ ಬ್ಯಾಡ ಅಂದ್ರೂ ಕೆಲಸ ಆಗಂಗಿಲ್ಲ."

ನಾರಾಯಣಪುರದಿಂದ ಬಿಸಿಲಲ್ಲಿ ನಡೆದು ಬಂದಿದ್ದ ಕೂಲಿಯವರ ಹುಡುಗಿ ಎದ್ದಳು. "ನೀರು ಕುಡಿತೀನ್ರಿ ಸರ್."

ಮಾಸ್ತರು ನಮ್ಮತ್ತ ಕೈ ತೋರಿಸಿದರು. ನಾಲ್ವರು ಹೂಂ ಎಂದರು. ನಾನು "ಬ್ಯಾಡ" ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮತ್ತೆ ಕೇಳಿದಳು, ನಾನು ಮತ್ತೆ ಬ್ಯಾಡವೆಂದೆ. ಪಾಠ ಚೆನ್ನಾಗಿ ನಡೆದಿದೆ ಎಂದುಕೊಂಡು ಮಾಸ್ತರು ತಡೆಯಲಿಲ್ಲ. ಮೂರನೆಯ ಸಲ ಅವಳು ನಗಲಿಲ್ಲ. ಗೋಡೆ ಹಿಡಿದು ಹಾಗೇ ಕುಸಿದಳು.

ಮಾಸ್ತರೇ ಓಡಿ ಹೋಗಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದರು.

"ಆಟ ಮುಗೀತು, ಏಳ್ರೋ," ಎಂದರು.

ನಾಲ್ವರು ಎದ್ದರು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು, "ಇನ್ನಾ ಬೆಲ್ ಆಗಿಲ್ರಿ ಸರ್," ಎಂದೆ.